ಮೇಷ್ಟ್ರ ಕೈಗೆ ಖಜಾನೆ

2023ರ ಫೆಬ್ರವರಿ 10ರಂದು ಟೋಕಿಯೊದಲ್ಲಿ ಒಂದು ಮನೆಯ ಮುಂದೆ ಪತ್ರಕರ್ತರು ಮುತ್ತಿಕೊಂಡಿದ್ದರು. ಬ್ಯಾಂಕ್ ಆಫ್ ಜಪಾನಿನ ಮುಂದಿನ ಗವರ್ನರ್ ಎಂದು ಉಯೆದಾ ಕಜುವೊ ಅವರ ಹೆಸರು ಆಗಷ್ಟೇ ಹೊರಬಿದ್ದಿತ್ತು. ಬಹುಮಟ್ಟಿಗೆ ಹಣಕಾಸು ಸಚಿವಾಲಯದವರು, ಇಲ್ಲವೆ ಬ್ಯಾಂಕಿನೊಳಗೇ ಬೆಳೆದವರು ಕೂರುತ್ತ ಬಂದಿದ್ದ ಕುರ್ಚಿ ಅದು. ಎರಡನೆಯ ಮಹಾಯುದ್ಧದ ನಂತರ ವಿಶ್ವವಿದ್ಯಾಲಯದ ಮೇಷ್ಟ್ರೊಬ್ಬರು ಅಲ್ಲಿಗೆ ಬಂದದ್ದು ಅದೇ ಮೊದಲು. ಆ ಹೊತ್ತಿಗೆ ಅವರು ಕ್ಯೋರಿತ್ಸು ಮಹಿಳಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಸುದ್ದಿಗಾರರಿಗೆ ಅವರು ಹೇಳಿದ್ದು ಚುಟುಕಾಗಿತ್ತು: ತಾನು ಇಷ್ಟು ಕಾಲ ವಿದ್ವತ್ತಿನ ಹಾದಿಯಲ್ಲಿ ಬಂದವನು, ತರ್ಕ ಹಿಡಿದು ತೀರ್ಮಾನಿಸುವುದು ಮತ್ತು ಅದನ್ನು ಅರ್ಥವಾಗುವಂತೆ ವಿವರಿಸುವುದು ಮುಖ್ಯ ಎಂದುಕೊಂಡಿದ್ದೇನೆ ಎಂಬ ಅರ್ಥದ ಮಾತು.

ತೀರ್ಮಾನದ ಪಕ್ಕದಲ್ಲೇ ವಿವರಣೆಯನ್ನು ಕೂರಿಸಿದ್ದು ನನಗೆ ಮುಖ್ಯವಾಗಿ ಕಂಡಿತು. ಹಣಕಾಸಿನ ಜಗತ್ತಿನಲ್ಲಿ ವಿವರಣೆಗೆ ಸಾಮಾನ್ಯವಾಗಿ ಎರಡನೇ ದರ್ಜೆ. ಮೊದಲು ಜಾಣರು ನಿರ್ಧರಿಸುತ್ತಾರೆ, ಆಮೇಲೆ ಯಾರೋ ಪತ್ರಿಕಾ ಪ್ರಕಟಣೆ ಬರೆಯುತ್ತಾರೆ. ಆದರೆ ಹಣ ಅನ್ನುವುದೇ ಎದುರಿನವನು ನಂಬಿದಾಗ ಮಾತ್ರ ನಡೆಯುವ ವಸ್ತು. ಠೇವಣಿ ಇಟ್ಟವನಿಗೆ ತನ್ನ ದುಡ್ಡು ಎಲ್ಲಿದೆ, ಯಾಕೆ ಕ್ಷೇಮವಾಗಿದೆ ಎಂದು ತಿಳಿಯದಿದ್ದರೆ ಗಾಳಿಮಾತೊಂದು ಹುಟ್ಟಿದ ದಿನ ಅವನು ಬ್ಯಾಂಕಿನ ಬಾಗಿಲಲ್ಲಿರುತ್ತಾನೆ. ಹಾಗಾಗಿ ತಿಳಿಹೇಳುವ ಗೀಳು ಇರುವವರು ಈ ವಿದ್ಯೆಗೆ ಅಲಂಕಾರಕ್ಕಲ್ಲ, ಅಗತ್ಯಕ್ಕೇ ಬೇಕು ಎಂಬುದು ನನ್ನ ವಾದ. ಜಪಾನಿನ ಚರಿತ್ರೆ ಇದಕ್ಕೆ ಸಾಕ್ಷಿ ಹೇಳುತ್ತದೆ. ನಮ್ಮಲ್ಲಿ ಹಣಕಾಸು ಮೇಷ್ಟ್ರುಗಳನ್ನು ಆರಿಸುವ ಕ್ರಮ ಮಾತ್ರ ಈ ಗುಣವೊಂದನ್ನು ಬಿಟ್ಟು ಬೇರೆಲ್ಲವನ್ನೂ ಅಳೆಯುತ್ತದೆ.

ಉಯೆದಾ ಅವರ ಹಾದಿಯನ್ನು ಮೊದಲು ಹೇಳಿಬಿಡುತ್ತೇನೆ. ಅದು ಸಾಕಷ್ಟು ನೇರವಾದದ್ದು. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ ಅರ್ಥಶಾಸ್ತ್ರಕ್ಕೆ ಹೊರಳಿದರು. ಎಂಐಟಿಯಲ್ಲಿ ಸ್ಟ್ಯಾನ್ಲಿ ಫಿಶರ್ ಕೈಕೆಳಗೆ 1980ರಲ್ಲಿ ಪಿಎಚ್.ಡಿ. ಪಡೆದು ಕೆನಡಾದಲ್ಲಿ, ಒಸಾಕಾದಲ್ಲಿ, ಕೊನೆಗೆ ಟೋಕಿಯೊದಲ್ಲಿ ಪಾಠ ಹೇಳಿದರು. 1998ರಿಂದ 2005ರವರೆಗೆ ಬ್ಯಾಂಕ್ ಆಫ್ ಜಪಾನಿನ ನೀತಿ ಮಂಡಳಿಯ ಸದಸ್ಯರು. 2000ದ ಆಗಸ್ಟಿನಲ್ಲಿ ಮಂಡಳಿ ಶೂನ್ಯ ಬಡ್ಡಿಯನ್ನು ಕೈಬಿಟ್ಟಾಗ ಬೇಡ ಎಂದ ಇಬ್ಬರಲ್ಲಿ ಅವರೂ ಒಬ್ಬರು. ಏಳು ತಿಂಗಳು ಕಳೆಯುವಷ್ಟರಲ್ಲಿ ಬ್ಯಾಂಕು ಆ ಹೆಜ್ಜೆಯನ್ನು ಹಿಂದೆಗೆದುಕೊಳ್ಳಬೇಕಾಯಿತು. ಆಮೇಲೆ ಮತ್ತೆ ತರಗತಿ, ಅಲ್ಲಿಂದ ಗವರ್ನರ್ ಕುರ್ಚಿ. 2024ರ ಮಾರ್ಚಿನಲ್ಲಿ ಋಣಾತ್ಮಕ ಬಡ್ಡಿಗೆ ಕೊನೆ ಹಾಡಿದ್ದು ಅವರ ಕಾಲದಲ್ಲೇ.

ಇದಕ್ಕಿಂತ ಸ್ವಾರಸ್ಯವಾದದ್ದು ಈ ದೇಶಕ್ಕೆ ಹಣಕಾಸಿನ ಪಾಠ ಮೊದಲು ಹೇಳಿದವರು ಯಾರು ಎಂಬ ಕತೆ. 1868ರಲ್ಲಿ ಮೇಜಿ ಆಡಳಿತ ಬಂದಾಗ ಜಪಾನಿನಲ್ಲಿ ವರ್ತಕರಿದ್ದರು, ಲೇವಾದೇವಿಯಿತ್ತು, ಒಸಾಕಾದಲ್ಲಿ ಅಕ್ಕಿಯ ಮುಂಗಡ ವ್ಯಾಪಾರ ನೂರಕ್ಕೂ ಹೆಚ್ಚು ವರ್ಷಗಳಿಂದ ನಡೆದಿತ್ತು. ಇಲ್ಲದೆ ಇದ್ದದ್ದು ಇಡೀ ದೇಶದ ಬ್ಯಾಂಕುಗಳು ಒಂದೇ ರೀತಿ ಲೆಕ್ಕ ಬರೆದು ಒಬ್ಬರದ್ದನ್ನೊಬ್ಬರು ತಪಾಸಣೆ ಮಾಡಬಲ್ಲ ಪದ್ಧತಿ. ಅದೇ ವರ್ಷದ ಜುಲೈ 4ರಂದು ಟೋಕಿಯೊದ ಉಯೆನೊ ಗುಡ್ಡದಲ್ಲಿ ಅಂತರ್ಯುದ್ಧದ ಫಿರಂಗಿಗಳು ಸಿಡಿಯುತ್ತಿದ್ದಾಗ ಫುಕುಜಾವಾ ಯುಕಿಚಿ ಎಂಬ ಮೇಷ್ಟ್ರು ತನ್ನ ಶಾಲೆಯಲ್ಲಿ ಫ್ರಾನ್ಸಿಸ್ ವೇಲ್ಯಾಂಡನ ಅರ್ಥಶಾಸ್ತ್ರದ ಪಾಠ ನಿಲ್ಲಿಸದೆ ನಡೆಸಿದರು. ಬಿಡುವಾದಾಗ ಹುಡುಗರು ಮಾಡು ಹತ್ತಿ ಹೊಗೆ ನೋಡುತ್ತಿದ್ದರಂತೆ. ಆ ಶಾಲೆಯಿಂದ ಬೆಳೆದ ಕೇಯೊ ವಿಶ್ವವಿದ್ಯಾಲಯದವರು ಇಂದಿಗೂ ಆ ಪಾಠದ ನೆನಪಿಗೆ ಪ್ರತಿವರ್ಷ ಉಪನ್ಯಾಸ ಏರ್ಪಡಿಸುತ್ತಾರೆ.

ಫುಕುಜಾವಾ 1873ರಲ್ಲಿ ಅಮೆರಿಕದ ಬ್ರಯಂಟ್ ಮತ್ತು ಸ್ಟ್ರಾಟನ್ ಶಾಲೆಗಳ ಲೆಕ್ಕಬರಹದ ಪಠ್ಯವನ್ನು ಜಪಾನಿ ಭಾಷೆಗೆ ಇಳಿಸಿದರು. ಮೊದಲ ಭಾಗದಲ್ಲಿ ಏಕನಮೂದು, ಮರುವರ್ಷ ಬಂದ ಎರಡನೆಯ ಭಾಗದಲ್ಲಿ ದ್ವಿನಮೂದು. ಆ ಪುಟಗಳು ನೋಡಲು ಸೊಗಸು. ಎಡದಿಂದ ಬಲಕ್ಕೆ ಓಡುವ ಅಂಕಿಗಳನ್ನು ಅವರು ಮೇಲಿಂದ ಕೆಳಕ್ಕೆ ನಿಲ್ಲಿಸಿದರು, ಅದೂ ಚೀನೀ ಲಿಪಿಯ ಅಂಕಿಗಳಲ್ಲಿ. ಕುಂಚ ಹಿಡಿದು ಲೆಕ್ಕ ಬರೆದು ರೂಢಿಯಾದ ಗುಮಾಸ್ತನ ಕೈಗೆ ಒಗ್ಗಲಿ ಎಂದೇ ಇಷ್ಟೆಲ್ಲ. ತಮಾಷೆ ಬೇರೆಯದಿದೆ. ತನ್ನ ಆತ್ಮಕತೆಯಲ್ಲಿ ಅವರೇ ಒಪ್ಪಿಕೊಳ್ಳುವಂತೆ, ದೇಶಕ್ಕೆಲ್ಲ ಲೆಕ್ಕ ಕಲಿಸಿದ ಈ ಮನುಷ್ಯನಿಗೆ ಅದನ್ನು ನಿತ್ಯದ ವ್ಯವಹಾರದಲ್ಲಿ ಬಳಸಲು ಬರುತ್ತಿರಲಿಲ್ಲ. ಬೇರೆಯವರು ಬರೆದ ಖಾತೆ ನೋಡಿದರೆ ತಲೆಗೆ ಹತ್ತುತ್ತಲೂ ಇರಲಿಲ್ಲ. ಈ ಸಂಗತಿಯನ್ನು ಮುಂದೆ ಬಳಸಿಕೊಳ್ಳುತ್ತೇನೆ.

ಅದೇ 1873ರ ಕೊನೆಗೆ ಹಣಕಾಸು ಸಚಿವಾಲಯ ಬ್ಯಾಂಕುಗಳ ಲೆಕ್ಕಬರಹಕ್ಕೆ ಐದು ಸಂಪುಟಗಳ ಕೈಪಿಡಿ ಹೊರತಂದಿತು. ಬರೆದವನು ಅಲೆಕ್ಸಾಂಡರ್ ಅಲನ್ ಶಾಂಡ್. ಸ್ಕಾಟ್ಲೆಂಡಿನವನು, ಯೊಕೊಹಾಮಾದಲ್ಲಿ ಇಂಗ್ಲಿಷ್ ಬ್ಯಾಂಕೊಂದರ ಕೆಲಸಕ್ಕೆ ಬಂದು ಸರ್ಕಾರದ ನೌಕರಿಗೆ ಸೇರಿದವನು. ಬರೀ ಪುಸ್ತಕ ಬರೆದು ಕೂರಲಿಲ್ಲ. ಸಚಿವಾಲಯದೊಳಗೇ ತರುಣ ಅಧಿಕಾರಿಗಳಿಗೆ ಪಾಠ ಹೇಳಿದ. 1874ರಲ್ಲಿ ಓನೊ ಎಂಬ ದೊಡ್ಡ ವರ್ತಕ ಮನೆತನ ದಿವಾಳಿಯಾಗಿ, ಶಿಬುಸಾವಾ ಎಯಿಚಿ ಎಂಬ ಉದ್ಯಮಿಯ ಮೊದಲನೆಯ ರಾಷ್ಟ್ರೀಯ ಬ್ಯಾಂಕು ಅಲುಗಾಡಿದಾಗ, ಮರುವರ್ಷ ಒಳಹೊಕ್ಕು ಖಾತೆಗಳನ್ನು ತಡಕಿ ತಪಾಸಣೆ ಮಾಡಿದ. ಇನ್ನೊಂದು ಕಡೆ, 1875ರಲ್ಲಿ ಮೋರಿ ಅರಿನೊರಿ ಎಂಬ ರಾಯಭಾರಿ ಗಿಂಜಾದ ಒಂದು ಮಿಸೊ ಅಂಗಡಿಯ ಮಹಡಿಯಲ್ಲಿ ವಾಣಿಜ್ಯ ಶಾಲೆ ತೆರೆದರು. ನ್ಯೂಜೆರ್ಸಿಯ ನ್ಯೂಆರ್ಕಿನಲ್ಲಿ ವಾಣಿಜ್ಯ ಕಾಲೇಜು ನಡೆಸಿದ್ದ ವಿಲಿಯಂ ವಿಟ್ನಿ ಅದಕ್ಕೆ ಮೇಷ್ಟ್ರಾಗಿ ಹೆಂಡತಿ ಮಕ್ಕಳ ಸಮೇತ ಬಂದ. ಇಂದಿನ ಹಿತೊತ್ಸುಬಾಶಿ ವಿಶ್ವವಿದ್ಯಾಲಯದ ಬೇರು ಆ ಮಹಡಿಯಲ್ಲಿದೆ.

ಇವರೆಲ್ಲರಿಗಿಂತ ನನ್ನ ಮನಸ್ಸು ಹಿಡಿದದ್ದು ಮುಂದೆ ಹಣಕಾಸು ಮಂತ್ರಿಯಾದ ತಕಾಹಾಶಿ ಕೊರೆಕಿಯೊ. ಹುಟ್ಟಿದ್ದು 1854ರಲ್ಲಿ. ಸೆಂದಾಯಿ ಸಂಸ್ಥಾನದ ಕಾಲಾಳಿನ ಮನೆಗೆ ದತ್ತುಹೋದ ಮಗು. ಹುಡುಗನಾಗಿದ್ದಾಗ ಯೊಕೊಹಾಮಾದಲ್ಲಿ ಇದೇ ಶಾಂಡನ ಮನೆಯಲ್ಲಿ ಆಳಾಗಿದ್ದ. 1867ರಲ್ಲಿ ಓದುವ ಆಸೆಯಿಂದ ಅಮೆರಿಕಕ್ಕೆ ಹೋದವನು ಓಕ್‌ಲ್ಯಾಂಡಿನಲ್ಲಿ ಅರ್ಥವಾಗದ ಒಂದು ಕಾಗದಕ್ಕೆ ಸಹಿ ಹಾಕಿದ. ಅದು ಜೀತದ ಕರಾರಾಗಿತ್ತು! ಕರಾರು ಓದದೆ ಸಹಿ ಹಾಕಬೇಡ ಎಂಬ ಪಾಠವನ್ನು ಹದಿಮೂರರ ಹರೆಯದಲ್ಲಿ ಇಷ್ಟು ದುಬಾರಿ ಬೆಲೆಗೆ ಕಲಿತ ಹಣಕಾಸು ಮಂತ್ರಿ ಇನ್ನೊಬ್ಬನಿರಲಾರ.

ಹೇಗೋ ಬಿಡಿಸಿಕೊಂಡು ಊರಿಗೆ ಮರಳಿದ. ಟೋಕಿಯೊದಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು, ಗೇಶಾಗಳ ಸಹವಾಸದಿಂದ ಹೆಸರು ಕೆಟ್ಟು ಅದೂ ಹೋಯಿತು. ಕ್ಯೂಶು ದ್ವೀಪದ ಕರಾತ್ಸು ಎಂಬ ಊರಿನವರು 1871ರಲ್ಲಿ ತಮ್ಮ ಹೊಸ ಇಂಗ್ಲಿಷ್ ಶಾಲೆಗೆ ಅವನನ್ನು ಕರೆಸಿಕೊಂಡರು. ಮೇಷ್ಟ್ರಿಗೆ ಹದಿನೇಳು ವರ್ಷ. ಎದುರಿಗೆ ಕುಳಿತ ಸೊನೆ ತತ್ಸುಜೊ ಮೇಷ್ಟ್ರಿಗಿಂತ ದೊಡ್ಡವನು. ತತ್ಸುನೊ ಕಿಂಗೊ ಒಂದು ತಿಂಗಳೂ ಪೂರ್ತಿ ಚಿಕ್ಕವನಲ್ಲ. ಇನ್ನೊಬ್ಬ ಅಮಾನೊ ತಮೆಯುಕಿ, ಎಳೆಯ ಹುಡುಗ. ಮೇಷ್ಟ್ರು ವಿಪರೀತ ಕುಡಿಯುತ್ತಿದ್ದ. ಹೀಗಿದ್ದೂ ಸಣ್ಣ ಊರಿನ ಆ ಒಂದೇ ಶಾಲೆಯಿಂದ ಸೊನೆ, ತತ್ಸುನೊ ಇಬ್ಬರೂ ಜಪಾನಿನ ಮೊದಲ ತಲೆಮಾರಿನ ವಾಸ್ತುಶಿಲ್ಪಿಗಳಾದರು. ಟೋಕಿಯೊ ರೈಲು ನಿಲ್ದಾಣ ಕಟ್ಟಿದ್ದು ತತ್ಸುನೊ. ಅಮಾನೊ ಅರ್ಥಶಾಸ್ತ್ರಜ್ಞನಾಗಿ ವಸೇದಾ ವಿಶ್ವವಿದ್ಯಾಲಯದ ಎರಡನೆಯ ಅಧ್ಯಕ್ಷನಾದ. ಮುಂದೆ ಟೋಕಿಯೊದ ಶಾಲೆಯೊಂದರಲ್ಲಿ ತಕಾಹಾಶಿಯ ಇಂಗ್ಲಿಷ್ ಪಾಠ ಕೇಳಿದವರಲ್ಲಿ ಹೈಕು ಕವಿ ಮಸಾವೊಕಾ ಶಿಕಿಯೂ ಇದ್ದ. ಕುಡುಕ ಮೇಷ್ಟ್ರನ್ನು ನಾನು ಸಮರ್ಥಿಸುತ್ತಿಲ್ಲ. ಪಾಠದ ಗುಣವನ್ನು ನಡತೆಯ ಪ್ರಮಾಣಪತ್ರ ನೋಡಿ ಅಳೆಯಲಾಗದು ಎಂದಷ್ಟೇ.

ಆಮೇಲಿನ ಬದುಕು ಇನ್ನೂ ಅಂಕುಡೊಂಕು. ಪೇಟೆಂಟ್ ಕಚೇರಿ ಕಟ್ಟಿದ. ಪೆರು ದೇಶದ ಬೆಳ್ಳಿ ಗಣಿಗೆ ಜನರ ದುಡ್ಡು ಕೂಡಿಸಿಕೊಂಡು ಹೋದ. ಅದು ಬರಿದಾದ ಗಣಿ, ಮೋಸ. ಮನೆ ಮಾರಿಕೊಂಡು ಬರಿಗೈಲಿ ಕುಳಿತಿದ್ದಾಗ, 1892ರಲ್ಲಿ ಬ್ಯಾಂಕ್ ಆಫ್ ಜಪಾನಿನಲ್ಲಿ ಕೆಲಸ ಸಿಕ್ಕಿತು. ಬ್ಯಾಂಕಿಂಗ್ ಕೆಲಸವಲ್ಲ, ಕಟ್ಟುತ್ತಿದ್ದ ಹೊಸ ಕಟ್ಟಡದ ಮೇಲುಸ್ತುವಾರಿ. ಆ ಕಟ್ಟಡದ ವಾಸ್ತುಶಿಲ್ಪಿ, ಅಂದರೆ ಇವನ ಮೇಲಿನವನು, ಕರಾತ್ಸುವಿನ ಶಿಷ್ಯ ತತ್ಸುನೊ. ನಮ್ಮಲ್ಲಾಗಿದ್ದರೆ ಎಷ್ಟು ಜನ ಗುರುಗಳು ಒಪ್ಪುತ್ತಿದ್ದರೋ. ತಕಾಹಾಶಿ ಒಪ್ಪಿದ. ಏಳು ವರ್ಷದಲ್ಲಿ ಅದೇ ಬ್ಯಾಂಕಿನ ಉಪಗವರ್ನರ್ ಆದ. 1904ರಲ್ಲಿ ರಷ್ಯದ ಮೇಲಿನ ಯುದ್ಧಕ್ಕೆ ಸಾಲ ಎತ್ತಲು ಲಂಡನ್ನಿಗೆ ಹೋದಾಗ ಪಾರ್ಸ್ ಬ್ಯಾಂಕಿನಲ್ಲಿ ಎದುರಾದವನು ಹಳೆಯ ಯಜಮಾನ ಶಾಂಡ್. ಒಂದು ಕೋಟಿ ಪೌಂಡು ಎದ್ದಿತು, ಅರ್ಧ ಲಂಡನ್ನಿನಲ್ಲಿ, ಇನ್ನರ್ಧ ನ್ಯೂಯಾರ್ಕಿನ ಜೇಕಬ್ ಶಿಫ್ ಮುಖಾಂತರ. ದೂರದ ದೇಶಕ್ಕೆ ಸಾಲ ಯಾಕೆ ಕೊಡಬೇಕು, ತೀರಿಸುವುದು ಹೇಗೆ ಎಂದು ಸಂಶಯಗ್ರಸ್ತ ಬ್ಯಾಂಕರುಗಳಿಗೆ ಕೂತು ಬಿಡಿಸಿ ಹೇಳುವುದೇ ಅವನ ಕೆಲಸವಾಗಿತ್ತು.

ಗವರ್ನರ್, ಪ್ರಧಾನಿ, ಹಲವು ಸಲ ಹಣಕಾಸು ಮಂತ್ರಿ, ಈ ಹುದ್ದೆಗಳ ಪಟ್ಟಿ ನನಗಿಲ್ಲಿ ಬೇಡ. ಎರಡು ಪ್ರಸಂಗ ಸಾಕು. 1927ರ ಏಪ್ರಿಲಿನಲ್ಲಿ ಬ್ಯಾಂಕುಗಳ ಮೇಲೆ ಜನ ಮುಗಿಬಿದ್ದಾಗ ಮುದುಕ ತಕಾಹಾಶಿಯನ್ನು ಕರೆತಂದು ಮಂತ್ರಿ ಮಾಡಿದರು. ಎರಡು ದಿನ ಬ್ಯಾಂಕು ರಜೆ, ಮೂರು ವಾರ ಪಾವತಿಗಳ ತಡೆ. ಆ ಬಿಡುವಿನಲ್ಲಿ ನೋಟು ಮುದ್ರಿಸಲು ಸಮಯ ಸಾಲದೆ 200 ಯೆನ್ನಿನ ನೋಟನ್ನು ಒಂದೇ ಮಗ್ಗುಲಿಗೆ ಅಚ್ಚುಹಾಕಿಸಿದರು, ಹಿಂಬದಿ ಖಾಲಿ. ಬಾಗಿಲು ತೆರೆದ ದಿನ ಬ್ಯಾಂಕುಗಳ ಕೌಂಟರಿನಲ್ಲಿ ಕಣ್ಣಿಗೆ ಬೀಳುವಂತೆ ಕಂತೆಗಳನ್ನು ಪೇರಿಸಿಟ್ಟರು. ಜನ ನೋಡಿದರು, ಗಾಬರಿ ಇಳಿಯಿತು. ಒಂದು ಮಾತೂ ಆಡದೆ ನಡೆದ ಪಾಠ ಅದು.

ಎರಡನೆಯದು 1929. ಹಮಾಗುಚಿ ಪ್ರಧಾನಿಯಾಗಿದ್ದ ಸರ್ಕಾರ ಯೆನ್ನಿನ ಬೆಲೆಯನ್ನು ಚಿನ್ನಕ್ಕೆ ಕಟ್ಟುವ ಚಿನ್ನದ ಮಾನಕ್ಕೆ ಮರಳುವ ಸಲುವಾಗಿ ಎಲ್ಲರೂ ಬಿಗಿಹಿಡಿದು ಖರ್ಚು ಮಾಡಿ ಎಂದು ಸಾರುತ್ತಿತ್ತು. ಆಗ ತಕಾಹಾಶಿ ಒಬ್ಬ ಕಾಲ್ಪನಿಕ ಸಿರಿವಂತನನ್ನು ಮುಂದಿಟ್ಟ. ಆತ ವಿಲಾಸದ ಚಹಾಮನೆಗೆ ಹೋಗಿ ಗೇಶಾಳನ್ನು ಕರೆಸಿ ಊಟ ಮಾಡಿ 2,000 ಯೆನ್ ಸುರಿದು ಬರುತ್ತಾನೆ. ನೀತಿಯ ಕಣ್ಣಿಗೆ ಇದು ಬೇಡದ ಕೆಲಸ. ಆದರೆ ಆ ದುಡ್ಡು ಅಡುಗೆಯವನ ಸಂಬಳವಾಗುತ್ತದೆ, ಮೀನು ತರಕಾರಿಯ ಬೆಲೆಯಾಗುತ್ತದೆ, ಬೆಸ್ತನಿಗೂ ರೈತನಿಗೂ ಮುಟ್ಟುತ್ತದೆ, ಗೇಶಾಳ ಕೈಯಿಂದ ಬಟ್ಟೆ ಅಂಗಡಿಗೂ ತೆರಿಗೆ ಕಚೇರಿಗೂ ಹೋಗುತ್ತದೆ. ಕೈ ಬದಲಾಯಿಸುತ್ತ ಇಪ್ಪತ್ತು ಮೂವತ್ತು ಪಟ್ಟು ಕೆಲಸ ಮಾಡುತ್ತದೆ. ಅವನು ಮನೆಯಲ್ಲೇ ಕುಳಿತು ಉಳಿಸಿದ್ದರೆ ಅವನಿಗೆ ಒಳ್ಳೆಯದೇ, ಆದರೆ ದೇಶದ ಪಾಲಿಗೆ 2,000 ಅಲ್ಲೇ ನಿಂತಿತು. ಇದೇ ಬಗೆಯ ವಿಚಾರವನ್ನು ಸಿದ್ಧಾಂತವಾಗಿಸಿದ ಅರ್ಥಶಾಸ್ತ್ರಜ್ಞ ಕೇನ್ಸನ ಹೆಸರಾಂತ ಗ್ರಂಥ ಬಂದದ್ದು ಆಮೇಲೆ, 1936ರಲ್ಲಿ. ಪಟ್ಟುಗಳ ಲೆಕ್ಕ ಶಾಸ್ತ್ರೀಯವಾಗಿ ನಿಲ್ಲುವುದಿಲ್ಲ ಎಂದು ಯಾರಾದರೂ ಹೇಳಬಹುದು, ನಿಜವೇ. ನನ್ನ ಕುತೂಹಲ ಬೇರೆ. ಶಾಲೆಯಲ್ಲಿ ಅರ್ಥಶಾಸ್ತ್ರ ಓದದ ಮನುಷ್ಯ ಈ ವಿಚಾರಕ್ಕೆ ಬಂದದ್ದು ಹೇಗೆ? ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂದು ಗೊತ್ತಿಲ್ಲದವನಿಗೆ ಹೇಳಲು ಹೊರಟರೆ ಹೆಜ್ಜೆ ಹೆಜ್ಜೆಗೂ 'ಆಮೇಲೆ?' ಎಂದು ಕೇಳಿಕೊಳ್ಳಬೇಕಾಗುತ್ತದೆ. ಹಾಗೆ ಕೇಳುತ್ತ ಹೋದ ಮೇಷ್ಟ್ರಿಗೆ ಸಿದ್ಧಾಂತವೇ ಸಿಕ್ಕಿತು ಎಂದು ನನಗನ್ನಿಸುತ್ತದೆ. 1931ರ ಡಿಸೆಂಬರಿನಲ್ಲಿ ಮತ್ತೆ ಮಂತ್ರಿಯಾದ ದಿನವೇ ಯೆನ್ನನ್ನು ಚಿನ್ನದಿಂದ ಬಿಡಿಸಿದ. ಸಾಲ ಮಾಡಿ ಖರ್ಚು ಮಾಡಿದ. ಜಗತ್ತಿನ ದೊಡ್ಡ ದೇಶಗಳ ಪೈಕಿ ಜಪಾನ್ ಬೇಗ ಚೇತರಿಸಿಕೊಂಡಿತು.

ಇಷ್ಟು ಕೇಳಿದವರು ಸುಲಭವಾಗಿ ಒಂದು ತೀರ್ಮಾನಕ್ಕೆ ಬರುತ್ತಾರೆ: ಪುಸ್ತಕದ ಹುಳುಗಳು ಬೇಡ, ಬಿದ್ದು ಎದ್ದು ಅನುಭವ ಪಡೆದವರೇ ಹಣಕಾಸು ಕಲಿಸಲಿ. ನಮ್ಮ ಯುಜಿಸಿ 2022ರಲ್ಲಿ 'ಪ್ರೊಫೆಸರ್ ಆಫ್ ಪ್ರ್ಯಾಕ್ಟೀಸ್' ಎಂಬ ಹುದ್ದೆ ತಂದದ್ದು ಇದೇ ಧಾಟಿಯಲ್ಲಿ. ಹದಿನೈದು ವರ್ಷದ ವೃತ್ತಿ ಅನುಭವ ಇದ್ದರೆ ಪಿಎಚ್.ಡಿ. ಬೇಕಿಲ್ಲ, ಮಂಜೂರಾದ ಹುದ್ದೆಗಳ ಶೇ. 10ರ ಮಿತಿಯೊಳಗೆ ನೇಮಿಸಿಕೊಳ್ಳಬಹುದು. ಬಾಗಿಲು ತೆರೆದದ್ದು ಒಳ್ಳೆಯದೇ. ಆದರೆ ಫುಕುಜಾವಾ ಅಡ್ಡ ನಿಲ್ಲುತ್ತಾರೆ. ಖಾತೆ ಓದಲು ಬಾರದವರು ದೇಶಕ್ಕೆ ಖಾತೆ ಕಲಿಸಿದರಲ್ಲ! ಪೆರುವಿನಲ್ಲಿ ದುಡ್ಡು ಕಳೆದುಕೊಂಡವರು ತಕಾಹಾಶಿಯೊಬ್ಬನೇ ಅಲ್ಲ, ಅವನ ಜೊತೆಗೆ ಬಂಡವಾಳ ಹಾಕಿದವರೆಲ್ಲ ಕಳೆದುಕೊಂಡರು; ನಷ್ಟವೊಂದೇ ಯಾರನ್ನೂ ಮೇಷ್ಟ್ರನ್ನಾಗಿ ಮಾಡುವುದಿಲ್ಲ. ಅನುಭವ ತಾನಾಗಿ ಪಾಠವಾಗುವುದಿಲ್ಲ. ನಿವೃತ್ತ ಬ್ಯಾಂಕ್ ಅಧಿಕಾರಿಗಳ ಅತಿಥಿ ಉಪನ್ಯಾಸ ಕೇಳಿದವರಿಗೆ ಇದು ಗೊತ್ತು: ಒಂದು ಗಂಟೆಯಲ್ಲಿ ಮುಕ್ಕಾಲು ಗಂಟೆ 'ನಾನು ಝೋನಲ್ ಮ್ಯಾನೇಜರ್ ಆಗಿದ್ದಾಗ'. ಹಾಗೆಂದು ನೆಟ್ ಪರೀಕ್ಷೆಯ ಬಹುಆಯ್ಕೆ ಪ್ರಶ್ನೆಗಳೂ ಪ್ರಕಟಿತ ಲೇಖನಗಳ ಅಂಕಗಳೂ ಈ ಗುಣವನ್ನು ಹಿಡಿಯುತ್ತವೆ ಎಂದಲ್ಲ. ಒಂದು ಜರಡಿ ವರ್ಷಗಳನ್ನು ಎಣಿಸುತ್ತದೆ, ಇನ್ನೊಂದು ಕಾಗದಗಳನ್ನು. ಗೊತ್ತಿಲ್ಲದವನಿಗೆ ಗೊತ್ತಾಗುವಂತೆ ಹೇಳಬೇಕು ಎಂಬ ಆ ತುಡಿತ ಎರಡರಿಂದಲೂ ಜಾರಿಹೋಗುತ್ತದೆ.

ಕರಾವಳಿಯ ನಮ್ಮ ಹಿರಿಯರಿಗೆ ಈ ತುಡಿತದ ಬೆಲೆ ತಿಳಿದಿತ್ತು. ಮಂಗಳೂರಿನ ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಕೆನರಾ ಹೈಸ್ಕೂಲು ತೆರೆದರು, 1894ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಮುಂದೆ ಕೆನರಾ ಬ್ಯಾಂಕ್ ಆದ ನಿಧಿಯನ್ನು ಕಟ್ಟಿದ್ದು 1906ರಲ್ಲಿ. ಶಾಲೆ ಮೊದಲು, ಬ್ಯಾಂಕು ಆಮೇಲೆ. ಸಿಂಡಿಕೇಟ್ ಬ್ಯಾಂಕಿನ ಟಿ.ಎಂ.ಎ. ಪೈ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದಾಗ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋದ ಏಜೆಂಟ್ ದುಡ್ಡು ಎತ್ತುವ ಮೊದಲು ಉಳಿತಾಯ ಎಂದರೇನು ಎಂದು ಹೇಳಿಕೊಡಬೇಕಾಗಿತ್ತು. ಇನ್ನು ಪ್ರಾಧ್ಯಾಪಕರ ಪೈಕಿ ಕಾಸರಗೋಡಿನ ಕಡೆಯ ಬೆಳ್ಳಿಕೋತ್‌ನಲ್ಲಿ 1905ರಲ್ಲಿ ಹುಟ್ಟಿದ ಬಿ.ಆರ್. ಶೆಣೈ ಇದ್ದಾರೆ. ರಿಸರ್ವ್ ಬ್ಯಾಂಕಿನಲ್ಲಿದ್ದವರು ಗುಜರಾತ್ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಬಂದರು. 1955ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಯ ಬಗ್ಗೆ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಭಿನ್ನಮತದ ಟಿಪ್ಪಣಿ ಬರೆದರು: ಕೊರತೆ ಹಣದಿಂದ ಯೋಜನೆ ನಡೆಸಿದರೆ ಬೆಲೆ ಏರುತ್ತದೆ ಎಂದು. ತಕಾಹಾಶಿ ಕೊರತೆಯ ಪರ ವಾದಿಸಿದವನು, ಶೆಣೈ ವಿರುದ್ಧ. ಇಬ್ಬರಲ್ಲಿ ಯಾರು ಸರಿ ಎಂಬುದು ಕಾಲ ಸಂದರ್ಭ ನೋಡಿ ಹೇಳುವ ಮಾತು. ಇಬ್ಬರ ವಾದವನ್ನೂ ಸಾಮಾನ್ಯ ಓದುಗ ಹಿಂಬಾಲಿಸಬಹುದು ಎಂಬುದಷ್ಟೇ ನನಗೆ ಬೇಕಾದದ್ದು.

ನನ್ನ ವಾದಕ್ಕೆ ಬಲವಾದ ಅಡ್ಡಿ ಜಪಾನಿನಿಂದಲೇ ಬರುತ್ತದೆ. 2024ರ ಜುಲೈ 31ರಂದು ಉಯೆದಾ ಬಡ್ಡಿಯನ್ನು ಶೇ. 0.25ಕ್ಕೆ ಏರಿಸಿ, ಇನ್ನೂ ಏರಬಹುದು ಎಂಬ ಸೂಚನೆ ಕೊಟ್ಟರು. ಅಮೆರಿಕದ ಉದ್ಯೋಗದ ಅಂಕಿಗಳೂ ಕೆಟ್ಟದಾಗಿ ಬಂದು, ಆಗಸ್ಟ್ 5ರಂದು ಟೋಕಿಯೊದ ನಿಕ್ಕೇ ಸೂಚ್ಯಂಕ ಒಂದೇ ದಿನ ಶೇ. 12ಕ್ಕೂ ಹೆಚ್ಚು ಕುಸಿಯಿತು. ಎರಡು ದಿನದ ಮೇಲೆ ಉಪಗವರ್ನರ್ ಬಂದು ಮಾರುಕಟ್ಟೆ ಅಲ್ಲಾಡುತ್ತಿರುವಾಗ ಏರಿಸುವುದಿಲ್ಲ ಎಂದು ಸಮಾಧಾನ ಹೇಳಬೇಕಾಯಿತು. ವಿವರಣೆ ಮುಖ್ಯ ಎಂದ ಮೇಷ್ಟ್ರ ವಿವರಣೆ ಸಾಲದು ಎಂದು ಹಲವರು ದೂರಿದರು. ದೂರಿನಲ್ಲಿ ಹುರುಳಿತ್ತು. ತರಗತಿಯಲ್ಲಿ ಅರ್ಥವಾಗದವನು ಕೈಯೆತ್ತಿ ಕೇಳುತ್ತಾನೆ, ಮಾರುಕಟ್ಟೆಯಲ್ಲಿ ಅರ್ಥವಾಗದವನು ಮಾರಿ ಹೊರಡುತ್ತಾನೆ. ತರಗತಿಯಲ್ಲಿ 'ಒಂದು ವೇಳೆ ಹೀಗಾದರೆ' ಎಂದು ಹೇಳುವುದು ಪ್ರಾಮಾಣಿಕತೆ, ಗವರ್ನರ್ ಹೇಳಿದರೆ ಅದೇ ಮಾತು ಮುನ್ಸೂಚನೆಯಾಗುತ್ತದೆ. ಹಾಗಾಗಿ ಒಳ್ಳೆಯ ಮೇಷ್ಟ್ರೆಲ್ಲ ಒಳ್ಳೆಯ ಗವರ್ನರ್ ಆಗುತ್ತಾರೆಂದು ನಾನು ಹೇಳಲಾರೆ. ತಕಾಹಾಶಿಯ ಕೊನೆ ಇನ್ನೂ ಕಟುವಾದದ್ದು. ಚೇತರಿಕೆ ಬಂದ ಮೇಲೆ ಸಾಲ ತಗ್ಗಿಸಬೇಕು, ಸೇನೆಯ ಖರ್ಚಿಗೆ ಮಿತಿ ಬೇಕು ಎಂದು ಅವನು ಸಭೆಗಳಲ್ಲಿ ವಾದಿಸಿದ. 1936ರ ಫೆಬ್ರವರಿ 26ರ ನಸುಕಿನಲ್ಲಿ ದಂಗೆಯೆದ್ದ ಅಧಿಕಾರಿಗಳು ಮನೆಗೆ ನುಗ್ಗಿ ಅವನನ್ನು ಕೊಂದರು. ಆಗ ಅವನಿಗೆ 81. ಅವನು ಹಾಕಿಕೊಟ್ಟ ದಾರಿಯಲ್ಲಿ, ಅಂದರೆ ಸರ್ಕಾರಿ ಬಾಂಡುಗಳನ್ನು ನೇರವಾಗಿ ಕೇಂದ್ರ ಬ್ಯಾಂಕಿಗೇ ಮಾರಿ, ಉಳಿದವರು ಯುದ್ಧ ನಡೆಸಿದರು. ಯುದ್ಧ ಮುಗಿದ ಮೇಲೆ ಬೆಲೆಗಳು ಹೇಗೆ ಏರಿದವೆಂದರೆ 1947ರ ಕಾನೂನು ಆ ದಾರಿಯನ್ನೇ ಮುಚ್ಚಿತು. ಪಾಠ ಹೇಳಿದವನು ಹೋದ ಮೇಲೆ ಪಾಠದ ಅರ್ಧ ಮಾತ್ರ ಉಳಿಯುವುದುಂಟು. ಯಾವಾಗ ನಿಲ್ಲಿಸಬೇಕು ಎಂಬ ಅರ್ಧ ಅವನೊಂದಿಗೇ ಹೋಗಿತ್ತು.

ಆದರೂ ನನ್ನ ಮಾತು ತರಗತಿಯ ಬಗ್ಗೆ. ಹಿತೊತ್ಸುಬಾಶಿಯಲ್ಲಿ ಮೂರು, ನಾಲ್ಕನೆಯ ವರ್ಷದ ವಿದ್ಯಾರ್ಥಿ ಒಬ್ಬ ಪ್ರಾಧ್ಯಾಪಕರ ಸಣ್ಣ ಗುಂಪಿಗೆ ಸೇರಲೇಬೇಕು. 'ಜೆಮಿ' ಎನ್ನುತ್ತಾರೆ. ಎರಡು ವರ್ಷ ಅದೇ ಮೇಜಿನ ಸುತ್ತ ಓದು, ಮಂಡನೆ, ಪ್ರಶ್ನೆ, ಕೊನೆಗೆ ಪ್ರಬಂಧ. ಪದವಿಯ ನಂತರವೂ ಯಾರ ಜೆಮಿಯವನು ಎಂದೇ ಗುರುತು. ನಮ್ಮ ಬಿ.ಕಾಂ. ತರಗತಿಯಲ್ಲಿ ಎಂಬತ್ತು ನೂರು ಹುಡುಗರು, ಬರೆಸುವ ನೋಟ್ಸ್, ಪರೀಕ್ಷೆಗೆ ಗೈಡು. ಪಾಠ ಹೇಳುವವರು ಎಷ್ಟೋ ಕಡೆ ವರ್ಷ ವರ್ಷ ನವೀಕರಣಕ್ಕೆ ಕಾಯುವ ಅತಿಥಿ ಉಪನ್ಯಾಸಕರು. ಮುಂದಿನ ಜೂನಿಗೆ ಕೆಲಸ ಇರುತ್ತದೋ ಇಲ್ಲವೋ ಎಂದು ಗೊತ್ತಿಲ್ಲದವರಿಂದ ಎರಡು ವರ್ಷದ ಜೆಮಿ ನಿರೀಕ್ಷಿಸುವುದು ಅನ್ಯಾಯ. ಕಾಯಂ ನೇಮಕಾತಿ ಮೊದಲು ಆಗಬೇಕು, ಉಳಿದದ್ದೆಲ್ಲ ಆಮೇಲೆ.

ಆ ನೇಮಕಾತಿಯಲ್ಲಿ ನನಗೆ ಅವಕಾಶ ಕೊಟ್ಟರೆ ಒಂದೇ ಪರೀಕ್ಷೆ ಸೇರಿಸುತ್ತೇನೆ. ಆಯ್ಕೆ ಸಮಿತಿಯವರನ್ನು ಹಿಂದಿನ ಬೆಂಚಿಗೆ ಕಳಿಸಿ, ಮುಂದೆ ಮೊದಲ ವರ್ಷದ ಇಪ್ಪತ್ತು ಹುಡುಗ ಹುಡುಗಿಯರನ್ನು ಕೂರಿಸುವುದು. ಅಭ್ಯರ್ಥಿಗೆ ಪ್ರಶ್ನೆ ಇಷ್ಟೆ: ಬಡ್ಡಿ ಏರಿದರೆ ಹಳೆಯ ಬಾಂಡಿನ ಬೆಲೆ ಯಾಕೆ ಇಳಿಯುತ್ತದೆ? ಸೂತ್ರ ಬರೆದು ಕೂರುವವರಿರುತ್ತಾರೆ. ಇನ್ನು ಕೆಲವರು ಕೇಳುತ್ತಾರೆ: ನಿನ್ನ ಹತ್ತಿರ ನೂರು ರೂಪಾಯಿಯ ಬಾಂಡಿದೆ, ವರ್ಷಕ್ಕೆ ಆರು ರೂಪಾಯಿ ಬರುತ್ತದೆ, ಇವತ್ತು ಪಕ್ಕದ ಕೌಂಟರಿನಲ್ಲಿ ನೂರಕ್ಕೆ ಎಂಟು ಕೊಡುವ ಹೊಸ ಬಾಂಡು ಬಂತು, ನಿನ್ನದನ್ನು ನನಗೆ ಎಷ್ಟಕ್ಕೆ ಮಾರುತ್ತೀ? ತೊಂಬತ್ತೈದು ಎಂದ ಹುಡುಗಿಗೆ ಯಾಕಮ್ಮ ತೊಂಬತ್ತೈದು ಎಂದು ಕೇಳಿ, ಅವಳು ಹೇಳಿ ಮುಗಿಸುವವರೆಗೆ ಕಾಯುತ್ತಾರೆ. 2023ರ ಮಾರ್ಚಿನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕು ಮುಳುಗಿದ್ದರ ಹಿಂದೆ ಇದೇ ಲೆಕ್ಕ ಇತ್ತು ಎಂದು ಆಮೇಲೆ ಸೇರಿಸಿ, 'ಹಾಗಾದರೆ ನಮ್ಮ ಬ್ಯಾಂಕುಗಳು?' ಎಂದು ಹಿಂದಿನಿಂದ ಯಾರಾದರೂ ಕೇಳಿದರೆ ಮುಖ ಅರಳುವವರು ಯಾರೋ, ಅವರಿಗೆ ನೇಮಕಾತಿ ಪತ್ರ ಕೊಡಿ. ಅವರು ಪಿಎಚ್.ಡಿ. ಮುಗಿಸಿದವರೋ, ಬ್ಯಾಂಕು ಬಿಟ್ಟು ಬಂದವರೋ, ಎಲ್ಲೋ ಗಣಿಯಲ್ಲಿ ದುಡ್ಡು ಕಳೆದುಕೊಂಡವರೋ ಎಂಬುದನ್ನು ಆಮೇಲೆ ಕಡತದಲ್ಲಿ ನೋಡಿಕೊಂಡರಾಯಿತು.